ಹೆದರಿಸದ ದೆವ್ವದ ಮೇಲೊಂದು ದೂರು

ದುಡ್ಡು ಕೊಟ್ಟವನು ಜಗಳ ತೆಗೆಯುವುದು ಸಾಮಾನ್ಯವಾಗಿ ಸುಖ ಕಡಿಮೆಯಾದಾಗ. ದೋಸೆ ಹಸಿಬಿಸಿಯಾಗಿತ್ತು, ಬಸ್ಸಿನ ಸೀಟು ಹರಿದಿತ್ತು, ಛತ್ರದಲ್ಲಿ ನೀರು ಬರಲಿಲ್ಲ. ಕಷ್ಟ ಕಡಿಮೆಯಾಯಿತೆಂದು ಜಗಳಕ್ಕೆ ನಿಲ್ಲುವ ಗಿರಾಕಿ ನಾನು ಕಂಡಂತೆ ಒಬ್ಬನೇ. ಅವನು ದೆವ್ವದ ಸಿನಿಮಾ ನೋಡಿ ಬಂದವನು. ಟಿಕೆಟ್ಟಿಗೆ ತಕ್ಕಷ್ಟು ಎದೆ ಹೊಡೆದುಕೊಳ್ಳಲಿಲ್ಲ, ರಾತ್ರಿ ಸೊಂಪಾಗಿ ನಿದ್ದೆ ಬಂತು, ಬಚ್ಚಲಿಗೆ ಒಬ್ಬನೇ ಹೋಗಿಬಂದೆ, ಇದೆಂಥ ಮೋಸ ಎಂಬುದು ಅವನ ಅಹವಾಲು. ಅವನು ನೋಡಿ ಬಂದದ್ದು ಎರಡನೇ ಭಾಗವಾಗಿದ್ದರಂತೂ ಮುಗಿಯಿತು. ಮೊದಲನೇ ಭಾಗದವರನ್ನು ಹೊಗಳುತ್ತ, ಎರಡನೆಯದರವರನ್ನು ಬೈಯುತ್ತ, ಒಂದು ಬೆಳಗ್ಗೆಯನ್ನೇ ಖರ್ಚು ಮಾಡುತ್ತಾನೆ.

2023ರ ಸೆಪ್ಟೆಂಬರ್ ಕೊನೆಗೆ 'ಚಂದ್ರಮುಖಿ 2' ಬಂದಾಗ ಇಂಥ ದೂರುದಾರರ ದಂಡೇ ನಲ್ಲೂರಿನ ಟೀ ಅಂಗಡಿಯ ಮುಂದೆ ಸೇರಿತ್ತು. ದಂಡಿಗೆ ಮುಂದಾಳು ನಮ್ಮ ಅಕ್ಕನ ಮಗ. ಹಿಂದಿನ ಸಂಜೆ ನಾಲ್ಕು ಬೈಕಿನಲ್ಲಿ ಬೆಂಗಳೂರಿನ ಯಾವುದೋ ಮಾಲಿಗೆ ಹೋಗಿ, ಪಾಪ್‌ಕಾರ್ನಿಗೆ ಟಿಕೆಟ್ಟಿಗಿಂತ ಜಾಸ್ತಿ ತೆತ್ತು, ಸರಿರಾತ್ರಿಯಲ್ಲಿ ವಾಪಸು ಬಂದಿದ್ದರು.

"ಅದೇ ಅರಮನೆ, ಅದೇ ರೂಮು, ಅದೇ ಬಾಗ್ಲು. ಹದಿನೆಂಟು ವರ್ಸ ಆಯ್ತಲ್ಲ ಮಾಮ, ಬೀಗಾನಾದ್ರೂ ಬದಲಾಯಿಸ್ಬಾರ್ದಾ?"

"ಮ್ಯೂಜಿಕ್ಕು ಮುಂಚೇನೇ ಹೇಳ್ಬುಡ್ತದೆ, ಈಗ ಬತ್ತಾಳೆ, ಈಗ ಬತ್ತಾಳೆ ಅಂತ. ನಮ್ಮೂರ್ ಬಸ್ಸೂ ಇಷ್ಟು ಹೇಳಿ ಬರಲ್ಲ ಕಣಣ್ಣ."

ಮೂರನೆಯವನದು ಲೆಕ್ಕದ ತಲೆ. "ಪೆಟ್ರೋಲ್ ಸೇರಿ ಆರ್ನೂರು ಹೋಯ್ತು. ಒಂದ್ಸಲಾನೂ ಕಣ್ ಮುಚ್ಕೊಳ್ಳಿಲ್ಲ. ಮುಚ್ಕೊಂಡಿದ್ದು ನಿದ್ದೆ ಬಂದಾಗ್ಲೇಯ."

"ಹಂಗಾರೆ ನಿದ್ದೆಗೆ ಆರ್ನೂರು ಅನ್ನು" ಎಂದು ಅಂಗಡಿಯವರು ಲೋಟ ಮುಂದಿಟ್ಟರು.

ನಾನು ಸುಮ್ಮನಿರಲಾರದೆ, "ಅಲ್ರಯ್ಯ, ಬರುವಾಗ ರಾತ್ರಿ ಹುಣಸೆ ತೋಪಿನ ಪಕ್ಕದಲ್ಲೇ ಬಂದಿರಲ್ಲ, ಅಲ್ಲಿ ಹೇಗಿತ್ತು?" ಎಂದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಅಲ್ಲಿ ಸ್ವಲ್ಪ ಜೋರಾಗೇ ಓಡುಸ್ಕೊಂಡ್ ಬಂದ್ವಿ" ಎಂದ ಅಕ್ಕನ ಮಗ, ಟೀ ಲೋಟದೊಳಕ್ಕೆ ನೋಡುತ್ತ.

ನಲ್ಲೂರಿನ ಹುಣಸೆ ತೋಪನ್ನು ಕಾಣದವರಿಗೆ ಒಂದು ಮಾತು. ದೇವನಹಳ್ಳಿ ತಾಲ್ಲೂಕಿನ ಈ ಊರಲ್ಲಿ ಸುಮಾರು 54 ಎಕರೆ ಜಾಗದಲ್ಲಿ ಮುನ್ನೂರರ ಹತ್ತಿರ ಹಳೆಯ ಹುಣಸೆ ಮರಗಳಿವೆ. ಚೋಳರ ಕಾಲದ್ದು ಎಂದು ಊರವರ ಮಾತು. ನಡುವೆ ಪಾಳುಬಿದ್ದ ಗುಡಿಯ ಕಲ್ಲುಗಳೂ ಇವೆ. 2007ರಲ್ಲಿ ಸರ್ಕಾರ ಇದನ್ನು ಜೀವವೈವಿಧ್ಯ ಪಾರಂಪರಿಕ ತಾಣ ಎಂದು ಸಾರಿತು. ದೇಶದಲ್ಲಿ ಆ ಹೆಸರು ಪಡೆದ ಮೊದಲ ಜಾಗ ಇದೇ. ಮರಗಳು ನೆಟ್ಟಗಿಲ್ಲ. ಒಂದು ಸೊಂಟ ಬಾಗಿಸಿದೆ, ಇನ್ನೊಂದು ನೆಲಕ್ಕೆ ಮೈಚೆಲ್ಲಿ ಅಲ್ಲಿಂದಲೇ ಮತ್ತೆ ಎದ್ದಿದೆ, ಮತ್ತೊಂದರ ಬೊಡ್ಡೆ ಟೊಳ್ಳಾಗಿ ಒಳಗೆ ಆಳು ನಿಲ್ಲುವಷ್ಟು ಜಾಗ. ಒಳಗೆ ನಿಂತು ಮೇಲೆ ನೋಡಿದರೆ ಒಂದು ಅಂಗೈಯಗಲದ ಆಕಾಶ. ಬೊಡ್ಡೆಯ ಗೋಡೆ ಮುಟ್ಟಿದರೆ ಪುಡಿ ಪುಡಿ ಕೈಗೆ ಬರುತ್ತದೆ. ಅದೇ ಮರ ಹೊರಗಡೆ ಹಸಿರಾಗಿ ಚಿಗುರಿ ಕಾಯಿ ಬಿಟ್ಟಿರುತ್ತದೆ. ಹುಣಸೆ ಮರ ಮುಪ್ಪಾದರೆ ಹುಳಿ ಮುಪ್ಪೇ ಎಂಬ ಗಾದೆಗೆ ಸಾಕ್ಷಿ ಬೇಕಿದ್ದರೆ ಇಲ್ಲಿಗೆ ಬರಬೇಕು.

ಇನ್ನು, ಹುಣಸೆ ಮರ ಎಂದರೆ ದೆವ್ವದ ಖಾಯಂ ವಿಳಾಸ ಎಂಬುದು ನಮ್ಮ ನಾಡಿನಲ್ಲಿ ಹಸುಗೂಸಿಗೂ ಗೊತ್ತು. ಮರಕ್ಕೊಂದು ಎಂದು ಕಂಜೂಸಿಯಿಂದ ಲೆಕ್ಕ ಹಾಕಿದರೂ ಒಂದು ಗ್ರಾಮ ಪಂಚಾಯಿತಿ ಆಗುವಷ್ಟು ದೆವ್ವ ಇಲ್ಲಿರಬೇಕು. ಆದರೆ ಅವುಗಳಲ್ಲಿ ಒಂದರ ಹೆಸರೂ ನಮಗೆ ತಿಳಿಯದು. ಸಿನಿಮಾದ ನಾಗವಲ್ಲಿಯ ಹೆಸರು ಗೊತ್ತು, ಚಂದ್ರಮುಖಿಯ ಊರು ಗೊತ್ತು, ಅವರನ್ನು ಕೊಂದವನು ಯಾರು, ಯಾವ ಕೋಣೆಯಲ್ಲಿ, ಎಲ್ಲ ಗೊತ್ತು. ತೋಪಿನವರ ಬಗ್ಗೆ ಏನೂ ಗೊತ್ತಿಲ್ಲ. ಬೈಕು ಜೋರಾಗುವುದು ಅದಕ್ಕೇ ಇರಬೇಕು.

ನಮ್ಮ ದೊಡ್ಡಮ್ಮ ಹೇಳುತ್ತಿದ್ದುದು ಒಂದೇ ದೆವ್ವದ ಕಥೆ. ವರ್ಷಕ್ಕೊಂದು ಸಲ, ಶಿವರಾತ್ರಿ ಕಳೆದು ಹುಣಸೆಹಣ್ಣು ಮನೆಗೆ ಬಂದಾಗ. ಜಗಲಿಯ ಮೇಲೆ ಗೋಣಿ ಹಾಸಿ, ಓಡು ಬಿಡಿಸಿದ ಹಣ್ಣು ರಾಶಿ ಹಾಕಿ, ನಾರು ಎಳೆದು, ಕಲ್ಲಿನ ಮೇಲಿಟ್ಟು ಕುಟ್ಟಿ ಬೀಜ ಹಾರಿಸುವ ಕೆಲಸ. ಮಕ್ಕಳಿಗೆಲ್ಲ ಪಾಲಿನ ಕೆಲಸ ಇರುತ್ತಿತ್ತು. ಕೈಯೆಲ್ಲ ಅಂಟು, ಉಗುರಿನ ಸಂದಿಯಲ್ಲಿ ಹುಳಿ, ಸಣ್ಣ ಗಾಯವಿದ್ದರೆ ಚುರುಚುರು. ಕತ್ತಲಾಗುತ್ತ ಬಂದು ನಾವು ಎದ್ದುಹೋಗುವ ಸೂಚನೆ ಕಂಡರೆ ದೊಡ್ಡಮ್ಮ ಕಥೆ ತೆಗೆಯುತ್ತಿದ್ದಳು.

ಒಬ್ಬ ಗಾಡಿಯವನು ರಾತ್ರಿ ಸಂತೆಯಿಂದ ಒಬ್ಬನೇ ಬರುತ್ತಿದ್ದಾನೆ. ತೋಪಿನ ಹತ್ತಿರ ಎತ್ತು ನಿಂತುಬಿಟ್ಟವು. ಹೊಡೆದರೂ ಕದಲವು. ಆಗ ಹಿಂದಿನಿಂದ ಒಂದು ಹೆಂಗಸಿನ ದನಿ: "ಅಣ್ಣಾ, ಒಂದು ಚೂರು ಸುಣ್ಣ ಕೊಡ್ತೀಯಾ?" ಅವನು ತಿರುಗಿ ನೋಡಲಿಲ್ಲ. ಸೊಂಟದ ಚಾಕುವಿನ ತುದಿಗೆ ಸುಣ್ಣ ಹಚ್ಚಿ ಹೆಗಲ ಮೇಲಿಂದ ಹಿಂದಕ್ಕೆ ಚಾಚಿದ. ಸುಣ್ಣ ಹೋಯಿತು. ಎತ್ತು ನಡೆದವು. ಕಥೆ ಇಷ್ಟೇ.

"ಆಮೇಲೆ?" ಎಂದು ನಾವು. "ಆಮೇಲೇನು, ಬೀಜ ತೆಗಿ" ಎಂದು ದೊಡ್ಡಮ್ಮ. ಅವಳು ಯಾರು, ಸುಣ್ಣ ಯಾಕೆ, ಕೈಯಲ್ಲೇ ಕೊಟ್ಟಿದ್ದರೆ ಏನಾಗುತ್ತಿತ್ತು, ಒಂದಕ್ಕೂ ಉತ್ತರವಿಲ್ಲ. ಮುಂದಿನ ವರ್ಷ ಅದೇ ಕಥೆ, ಅದೇ ಎತ್ತು, ಅದೇ ಸುಣ್ಣ. ಒಂದಕ್ಷರ ಬದಲಾಗದು. ಆದರೂ ಹಿಂದಿನ ವರ್ಷಕ್ಕಿಂತ ಒಂದು ಗುಲಗಂಜಿಯಷ್ಟೂ ಕಡಿಮೆ ಹೆದರಿಕೆ ಆಗುತ್ತಿರಲಿಲ್ಲ. ಸಿನಿಮಾದವರು ಇದನ್ನು ಯೋಚಿಸಬೇಕು. ಅದದೇ ಕಥೆ ಎಂದು ನಮ್ಮ ಹುಡುಗರು ಬೈದರಲ್ಲ, ಅದದೇ ಆದದ್ದು ತಪ್ಪೇ ಅಲ್ಲ ಎಂದು ನನ್ನ ವಾದ. ಪ್ರತಿ ಸಲವೂ ಇನ್ನಷ್ಟು ವಿವರ ಕೊಡಲು ಹೋದದ್ದು ತಪ್ಪು.

ನಾಗವಲ್ಲಿಯ ಕಥೆಯನ್ನೇ ನೋಡಿ. ಅವಳು ಹುಟ್ಟಿದ್ದು ಕೇರಳದಲ್ಲಿ, 1993ರಲ್ಲಿ, ಮಧು ಮುಟ್ಟಂ ಬರೆದು ಫಾಸಿಲ್ ನಿರ್ದೇಶಿಸಿದ 'ಮಣಿಚಿತ್ರತಾಳ್'ನಲ್ಲಿ. ಶೋಭನಾಗೆ ರಾಷ್ಟ್ರಪ್ರಶಸ್ತಿ ಕೊಡಿಸಿದ ಪಾತ್ರ ಅದು. 2004ರಲ್ಲಿ ಪಿ. ವಾಸು ಅವಳನ್ನು ಕನ್ನಡದ 'ಆಪ್ತಮಿತ್ರ'ಕ್ಕೆ ಕರೆತಂದರು, 2005ರಲ್ಲಿ ತಮಿಳಿಗೆ 'ಚಂದ್ರಮುಖಿ'ಯಾಗಿ ಕಳಿಸಿದರು. 2007ರಲ್ಲಿ ಪ್ರಿಯದರ್ಶನ್ ಹಿಂದಿಗೆ ಒಯ್ದು ಮಂಜುಲಿಕಾ ಮಾಡಿದರು. ಇದರಲ್ಲೊಂದು ತಮಾಷೆಯಿದೆ. ಮಲಯಾಳದಲ್ಲಿ ಅವಳು ತಂಜಾವೂರಿನ ತಮಿಳು ನರ್ತಕಿ. ಕನ್ನಡದಲ್ಲೂ ತಮಿಳಿನಲ್ಲೂ ತೆಲುಗಿನವಳು. ಹಿಂದಿಯಲ್ಲಿ ಬಂಗಾಳಿ. ದೆವ್ವ ಯಾವತ್ತೂ ನಮ್ಮವಳಲ್ಲ, ಅಕ್ಕಪಕ್ಕದ ರಾಜ್ಯದವಳು! ನೀರಿನ ವಿಷಯದಲ್ಲಿ ಆಗದ ಒಮ್ಮತ ಇಲ್ಲಾಗಿದೆ. ನಮ್ಮ ದೇವನಹಳ್ಳಿ ಸೀಮೆಯಲ್ಲಿ ಮಾತ್ರ ಈ ಉಪಾಯ ಅಷ್ಟು ನಡೆಯಲಿಲ್ಲ. ಇಲ್ಲಿ ಅರ್ಧ ಮನೆಗಳಲ್ಲಿ ತೆಲುಗೇ ಮಾತು. ಟೀವಿಯಲ್ಲಿ 'ರಾ ರಾ' ಹಾಡು ಬಂದಾಗ ಊರೆಲ್ಲ ಮುದುಡಿ ಕೂತರೆ ದೊಡ್ಡಮ್ಮ, "ಬಾ ಅಂತ ಕರೀತಾವ್ಳೆ ಅಷ್ಟೇ ಕಣ್ರೋ, ಪಾಪ" ಎಂದು ಎಲೆ ಮಡಿಸುತ್ತಿದ್ದಳು.

'ಆಪ್ತಮಿತ್ರ' ನಮ್ಮನ್ನು ಹೆದರಿಸಿದ್ದು ನಿಜ. ಅದಕ್ಕೆ ಸಿನಿಮಾದ ಹೊರಗಿನ ಕಾರಣವೂ ಒಂದಿತ್ತು. ಗಂಗಾ ಎಂಬ ಹೆಂಗಸಾಗಿ, ಅವಳ ಮೈಮೇಲೆ ಬರುವ ನಾಗವಲ್ಲಿಯಾಗಿ ಅಭಿನಯಿಸಿದ ಸೌಂದರ್ಯ ಅದೇ ವರ್ಷ ಏಪ್ರಿಲ್ 17ರಂದು, ನಾವು ಬೆಂಗಳೂರಿಗೆ ಹೋಗುವ ದಾರಿಯಲ್ಲೇ ಸಿಗುವ ಜಕ್ಕೂರಿನಲ್ಲಿ, ವಿಮಾನ ಬಿದ್ದು ತೀರಿಕೊಂಡಿದ್ದರು. ಆಗಸ್ಟಿನಲ್ಲಿ ಸಿನಿಮಾ ಬಂದಾಗ ತೆರೆಯ ಮೇಲೆ ಆ ಕಣ್ಣು ಅರಳಿದರೆ ಥಿಯೇಟರಿನಲ್ಲಿ ಉಸಿರೇ ಇರಲಿಲ್ಲ. ಆದರೆ ಒಳಗಿನ ಕಾರಣ ಇನ್ನೂ ದೊಡ್ಡದು. ವಿಷ್ಣುವರ್ಧನ್ ಅವರ ಡಾಕ್ಟರು ಕೊನೆಗೆ ಹೇಳುವುದೇನು? ದೆವ್ವ ಇಲ್ಲ, ಇರುವುದು ಗಂಗಾಳ ಮನಸ್ಸಿನ ಕಾಯಿಲೆ ಅಂತ. ಅಲ್ಲಿಗೆ ನಾಗವಲ್ಲಿಯನ್ನು ಅರಮನೆಯಿಂದ ಬಿಡಿಸಿ ಪ್ರತಿ ಮನೆಗೂ ಹಂಚಿದಂತಾಯಿತು. ಆ ರಾತ್ರಿ ಎಷ್ಟು ಗಂಡಂದಿರು ಮಂಚದ ಅಂಚಿಗೆ ಸರಿದು, ಹೆಂಡತಿ ಮಗ್ಗುಲು ಬದಲಿಸುವುದನ್ನೇ ನೋಡುತ್ತ ಮಲಗಿದ್ದರೋ!

ಎರಡನೇ ಭಾಗಗಳು ಕೆಡುವುದು ಇಲ್ಲೇ. ದೆವ್ವ ಇಲ್ಲ ಎಂದಾಗ ಹೆದರಿದ ನಮಗೆ, ಇಲ್ಲ ಇಲ್ಲ, ನಿಜಕ್ಕೂ ಇದೆ, ಇಗೋ ಚಿತ್ರಪಟ, ಇಗೋ ರಾಜ, ಇಗೋ ಕತ್ತಿ ಎಂದು ಪುರಾವೆ ಒದಗಿಸಲು ಹೊರಡುತ್ತಾರೆ. ಪುರಾವೆ ಕೊಟ್ಟಷ್ಟೂ ಆಕಳಿಕೆ ಹೆಚ್ಚುತ್ತದೆ. ಹಬ್ಬಕ್ಕೆಂದು ಬಂದ ನೆಂಟರನ್ನು ಮೊದಲ ದಿನ ಸಂಭ್ರಮದಿಂದ ನೋಡಿ, ಅವರು ಹದಿನೈದು ದಿನ ಕಳೆದೂ ಹೊರಡದೆ ತಮ್ಮ ಆಸ್ತಿ ಜಗಳ, ಮಂಡಿನೋವುಗಳನ್ನೆಲ್ಲ ಬಿಚ್ಚಿಟ್ಟಾಗ ನಮಗೆ ಏನಾಗುತ್ತದೋ ಅದೇ ಎರಡನೇ ಭಾಗದ ದೆವ್ವದ ಎದುರು ಆಗುತ್ತದೆ. ಪಾಪ ಅನ್ನಿಸುತ್ತದೆ. ಹೆದರಿಕೆ ಆಗುವುದಿಲ್ಲ.

ಹಾಗಾದರೆ 'ಆಪ್ತರಕ್ಷಕ' ಗೆದ್ದದ್ದು ಹೇಗೆ ಎಂದು ಟೀ ಅಂಗಡಿಯಲ್ಲಿ ಒಬ್ಬರು ಪಾಟೀಸವಾಲು ಹಾಕಿದರು. ವಯಸ್ಸಾದವರು, ಮೋಟು ಬೀಡಿ ಕಿವಿಗೆ ಸಿಕ್ಕಿಸಿಕೊಂಡವರು. ಒಳ್ಳೆಯ ಪ್ರಶ್ನೆಯೇ. ಅದೂ 'ಆಪ್ತಮಿತ್ರ'ದ ಎರಡನೇ ಭಾಗ, ಅದೂ ಪಿ. ವಾಸು ಅವರದ್ದೇ, ನಾಗವಲ್ಲಿಯೂ ಇದ್ದಳು. ಆದರೆ ವಿಷ್ಣುವರ್ಧನ್ ಹೋದದ್ದು 2009ರ ಡಿಸೆಂಬರ್ 30. ಅವರ 200ನೇ ಸಿನಿಮಾ ಎನಿಸಿದ 'ಆಪ್ತರಕ್ಷಕ' ಬಂದದ್ದು 2010ರ ಫೆಬ್ರವರಿ 19. ಐವತ್ತು ದಿನದ ಸೂತಕದ ಮೇಲೆ ಬಂದ ಸಿನಿಮಾಕ್ಕೆ ಜನ ನಾಗವಲ್ಲಿಯನ್ನು ನೋಡಲು ಹೋಗಲಿಲ್ಲ. ತೀರಿಕೊಂಡವರು ಮತ್ತೆ ಕಾಣಿಸಿಕೊಳ್ಳುತ್ತಾರೆ ಎಂದು ಹೋದರು, ಕಾಣಿಸಿಕೊಂಡಾಗ ಅತ್ತರು. ದೆವ್ವದ ಸಿನಿಮಾ ಅಂದರೆ ಇದಕ್ಕಿಂತ ದೊಡ್ಡದು ಇನ್ನೇನಿದೆ? ನಾಗವಲ್ಲಿಯ ಶಾಪ ಎಂದು ಮಾತಾಡಿಕೊಂಡವರೂ ಇದ್ದರು. ಅದೇ ಕಥೆ ಅದೇ ವರ್ಷದ ಕೊನೆಗೆ ವೆಂಕಟೇಶ್ ಅವರನ್ನು ಹಾಕಿಕೊಂಡು ತೆಲುಗಿನಲ್ಲಿ 'ನಾಗವಲ್ಲಿ' ಎಂದೇ ಬಂದಾಗ ಅಲ್ಲಿನವರು ನಮ್ಮ ಅಕ್ಕನ ಮಗನ ಹಾಗೆಯೇ ಗೊಣಗಿಕೊಂಡು ಹೊರಬಂದರು.

ಮೂಲಕ್ಕೇ ಈ ಗತಿ ತಪ್ಪಲಿಲ್ಲ. 2013ರಲ್ಲಿ ಮೋಹನ್‌ಲಾಲ್ ತಮ್ಮ ಹಳೆಯ ಡಾಕ್ಟರ್ ಸನ್ನಿಯಾಗಿ 'ಗೀತಾಂಜಲಿ'ಯಲ್ಲಿ ಮತ್ತೆ ಕಾಣಿಸಿಕೊಂಡರೆ ಮಲಯಾಳಿಗಳು ಮುಖ ಸಿಂಡರಿಸಿದರು. ಹೊರದೇಶದಲ್ಲೂ ಅಷ್ಟೇ. 1973ರ 'ದಿ ಎಕ್ಸಾರ್ಸಿಸ್ಟ್' ನೋಡಿ ಮೂರ್ಛೆ ಹೋದ ಅಮೆರಿಕದ ಜನ, 1977ರಲ್ಲಿ ಜಾನ್ ಬೂರ್ಮನ್ ಮಾಡಿದ ಅದರ ಎರಡನೇ ಭಾಗ ನೋಡಿ ನಕ್ಕರು. ನಗು ಎಷ್ಟರಮಟ್ಟಿಗೆಂದರೆ ಬಿಡುಗಡೆಯಾದ ಮೇಲೆ ನಿರ್ದೇಶಕರು ಮತ್ತೆ ಕತ್ತರಿ ಹಿಡಿದು ಕೂರಬೇಕಾಯಿತು. ಅವರಿಗೆ ಹೋಲಿಸಿದರೆ ನಮ್ಮ ನಲ್ಲೂರಿನವರು ಸಭ್ಯರು. ನಿದ್ದೆ ಮಾಡಿದರು ಅಷ್ಟೇ.

ಕನ್ನಡದಲ್ಲಿ ಇನ್ನೊಂದು ವಿಚಿತ್ರವೂ ನಡೆದಿದೆ. ಉಪೇಂದ್ರ ಅವರ 'ಕಲ್ಪನಾ' 2012ರಲ್ಲಿ ಬಂತು. ಅದು ತಮಿಳಿನ 'ಕಾಂಚನಾ'ದ ರೀಮೇಕು. 'ಕಾಂಚನಾ' ತಾನೇ 'ಮುನಿ' ಎಂಬುದರ ಎರಡನೇ ಭಾಗ. ಅಂದರೆ ನಮಗೆ ಒಂದನೇ ಭಾಗದ ಹೆಸರಿನಲ್ಲಿ ಎರಡನೇ ಭಾಗ ಬಡಿಸಿದರು. ಆಮೇಲೆ 2016ರಲ್ಲಿ 'ಕಲ್ಪನಾ 2' ಬಂತು, ಅದು ಲೆಕ್ಕದಲ್ಲಿ ಮೂರನೆಯದು. ಒಂದನೇ ಕ್ಲಾಸು ಓದದೆ ಎರಡಕ್ಕೆ ಸೇರಿ, ಎರಡಕ್ಕೆ ಒಂದೆಂದು ಹೆಸರಿಟ್ಟುಕೊಂಡ ಮೇಲೆ ಹುಡುಗರಿಗೆ ಗೊಂದಲವಾಗದೆ ಇರುತ್ತದೆಯೇ? 'ಕಲ್ಪನಾ'ದಲ್ಲಿ ಸಾಯಿಕುಮಾರ್ ಅವರ ಪಾತ್ರದ ನೋವು ನನಗೆ ಇನ್ನೂ ನೆನಪಿದೆ. ಎರಡನೆಯದರಲ್ಲಿ ಯಾರು ಯಾರ ಮೇಲೆ ಬಂದರು ಎಂಬುದೇ ನೆನಪಿಲ್ಲ.

ಹಿಂದೆ ದೆವ್ವಕ್ಕೆ ನಂಬರು ಹಾಕುವ ಪದ್ಧತಿ ಇರಲಿಲ್ಲ. 1979ರ 'ನಾ ನಿನ್ನ ಬಿಡಲಾರೆ'ಯನ್ನು ನಾವು ನೋಡಿದ್ದು ಟೆಂಟಿನಲ್ಲಿ. ಬೆಂಗಳೂರಲ್ಲಿ ಓಡಿ, ತಾಲ್ಲೂಕಲ್ಲಿ ಓಡಿ, ರೀಲು ಸವೆದು ನಮ್ಮ ಕಡೆ ಬರುವಷ್ಟರಲ್ಲಿ ದೆವ್ವದ ಮೇಲೆ ಮಳೆ ಸುರಿಯುತ್ತಿತ್ತು. ಘಂಟಸಾಲರ ವೆಂಕಟೇಶನ ಹಾಡು ಹಾಕಿದರೆ ಶುರುವಾಗುತ್ತದೆ ಎಂದು ಅರ್ಥ. ಬೆಂಚಿನವರು ಬೆಂಚಿಗೆ, ನೆಲದವರು ಮರಳು ಗುಡ್ಡೆ ಮಾಡಿಕೊಂಡು ಅದರ ಮೇಲೆ. ಅನಂತನಾಗ್ ಅವರ ಮೈಮೇಲೆ ಕಾಮಿನಿ ಬಂದು ಕಣ್ಣು ಹೊರಳಿಸಿದಾಗ ನೆಲದವರೆಲ್ಲ ಒಂದೇ ಗುಂಪಾದರು. ಮರಳಿನ ಗುಡ್ಡೆ ಯಾರದೆಂದು ಯಾರೂ ಕೇಳಲಿಲ್ಲ. ಕೊನೆಗೆ ಮಂತ್ರಾಲಯದ ರಾಯರು ಕಾಪಾಡಿದರು. ಆದರೆ ಸಿನಿಮಾ ಬಿಟ್ಟ ಮೇಲೆ ಹೊಲದ ಬದುವಿನಲ್ಲಿ ಮನೆಗೆ ಹೋಗುವುದಿತ್ತಲ್ಲ, ಅಲ್ಲಿಗೆ ರಾಯರು ಬರಲಿಲ್ಲ. ಎರಡನೇ ಭಾಗವೆಂದರೆ ಅದು. ಟಿಕೆಟ್ಟಿಲ್ಲದೆ, ನಮ್ಮದೇ ಕಾಲ್ನಡಿಗೆಯಲ್ಲಿ. ಮಾಲಿನಲ್ಲಿ ನೋಡಿ ಎಸ್ಕಲೇಟರಿನಲ್ಲಿ ಇಳಿದು ದೀಪದ ಹೆದ್ದಾರಿಯಲ್ಲಿ ಬರುವವರಿಗೆ ಆ ಭಾಗ ಸಿಗುವುದೇ ಇಲ್ಲ, ತೋಪಿನ ಪಕ್ಕದ ಆ ಒಂದು ತಿರುವನ್ನು ಬಿಟ್ಟರೆ.

ನ್ಯಾಯವಾಗಿ ಹೇಳುವುದಾದರೆ, ದೆವ್ವವನ್ನು ಮತ್ತೆ ಬಾ ಎಂದು ಮೊದಲು ಕರೆದವರು ನಾವೇ. 1990ರ ದಶಕದಲ್ಲಿ ಬೆಂಗಳೂರಿಂದ ಹಿಡಿದು ಹಳ್ಳಿಗಳ ತನಕ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದುಕೊಂಡಿದ್ದು ಮರೆತಿಲ್ಲವಷ್ಟೇ. ಮನೆಯವರ ದನಿಯಲ್ಲೇ ಕೂಗುತ್ತದೆ, ಓಗೊಟ್ಟು ಬಾಗಿಲು ತೆಗೆದರೆ ಮುಗಿಯಿತು ಎಂಬ ಗುಲ್ಲು. ನಮ್ಮ ಬೀದಿಯಲ್ಲಿ ಇದ್ದಿಲಿನಲ್ಲಿ ಬರೆದವರುಂಟು, ಸೀಮೆಸುಣ್ಣದಲ್ಲಿ ಬರೆದವರುಂಟು. ಅನುಕೂಲಸ್ಥರೊಬ್ಬರು ಪೇಂಟರನ್ನು ಕರೆಸಿ ನೀಟಾಗಿ ಬರೆಸಿ, ಪಕ್ಕದಲ್ಲಿ ಹೂವಿನ ಚಿತ್ತಾರ ಬೇರೆ ಹಾಕಿಸಿದ್ದರು. ಪಾಪದ ದೆವ್ವ ಓದಿಕೊಂಡು ಹೋಗಿ ಮಾರನೇ ದಿನ ಬಂದು ಮತ್ತೆ ಓದುತ್ತಿತ್ತು. ಇಷ್ಟು ಹೇಳಿದ ಮಾತು ಕೇಳುವ, ಅಕ್ಷರಸ್ಥ ದೆವ್ವ ಬೇರೆ ಯಾವ ನಾಡಿನಲ್ಲಿದೆ? ಈ ಬಾಗಿಲ ಬರಹವೇ 2018ರಲ್ಲಿ ಹಿಂದಿಯ 'ಸ್ತ್ರೀ'ಯಲ್ಲಿ ಗೋಡೆ ಏರಿತು, 2024ರ 'ಸ್ತ್ರೀ 2' ಕೋಟಿಗಟ್ಟಲೆ ಬಾಚಿತು. ಅದನ್ನು ನೋಡಿದವರಾರೂ ಹೆದರಿಕೆ ಆಗಲಿಲ್ಲ ಎಂದು ದೂರಲಿಲ್ಲ. ನಗಲೆಂದೇ ಹೋಗಿದ್ದರು, ನಕ್ಕು ಬಂದರು. ನಮ್ಮವರಿಗೆ ಮಾತ್ರ ಅದರಿಂದ ಬಿಡಿಗಾಸೂ ಬರಲಿಲ್ಲ.

ಎರಡನೇ ಸಲ ಬಂದರೆ ಹೆದರಿಕೆಯೇ ಆಗುವುದಿಲ್ಲ ಎಂದೂ ನಾನು ಹೇಳುತ್ತಿಲ್ಲ. ನಮ್ಮ ತಾಲ್ಲೂಕಿನವರಿಗೆ ಹಾಗೆ ಹೇಳಿ ನೋಡಿ. ಕೈಗಾರಿಕೆಗೆಂದು ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಗೆ ನೋಟಿಸು ಬಂದು, ರೈತರು ಮೂರು ವರ್ಷಕ್ಕೂ ಮೀರಿ ಧರಣಿ ಕೂತು, 2025ರ ಜುಲೈ 15ರಂದು ಸರ್ಕಾರ ಅದನ್ನು ಕೈಬಿಡುವುದಾಗಿ ಹೇಳಿತು. ಈಗಲೂ ಯಾರಾದರೂ ಜೀಪಿನಿಂದ ಇಳಿದು ಟೇಪು ಬಿಚ್ಚಿದರೆ ಬದುವಿನ ಮೇಲಿನ ಕುರಿಗಳೂ ಮೇಯುವುದು ನಿಲ್ಲಿಸುತ್ತವೆ. "ಎರಡನೇ ಹಂತ ಅಂತೆ" ಎಂದು ಯಾರಾದರೂ ತಮಾಷೆಗೆ ಅಂದರೆ ಸಾಕು, ಟೀ ಅಂಗಡಿಯಲ್ಲಿ ಲೋಟದ ಸದ್ದೂ ನಿಲ್ಲುತ್ತದೆ. ಆ ಕಥೆಯಲ್ಲಿ ಯಾರಿಗೂ ನಿದ್ದೆ ಬಂದದ್ದನ್ನು ನಾನು ಕೇಳಿಲ್ಲ. ಅಲ್ಲಿಯೂ ಗುಟ್ಟು ಅದೇ: ಮುಂದೇನು ಎಂದು ಒಬ್ಬರೂ ಬಿಡಿಸಿ ಹೇಳುವುದಿಲ್ಲ.

ಮೊನ್ನೆ ತೋಪಿಗೆ ಒಬ್ಬ ಹುಡುಗ ಬಂದಿದ್ದ. ಗಾಂಧಿನಗರದಲ್ಲಿ ಸಹಾಯಕ ನಿರ್ದೇಶಕನಂತೆ, ತನ್ನದೇ ಹಾರರ್ ಸಿನಿಮಾಕ್ಕೆ ಲೊಕೇಶನ್ ನೋಡುತ್ತಿದ್ದ. ಟೊಳ್ಳು ಮರದ ಫೋಟೋ ತೆಗೆದುಕೊಂಡು, ಇಲ್ಲಿನ ಕಥೆ ಏನಾದರೂ ಇದ್ದರೆ ಹೇಳಿ ಸಾರ್ ಎಂದ. ಬೇಡ ಬೇಡವೆನ್ನುತ್ತಲೇ ದೊಡ್ಡಮ್ಮನ ಕಥೆ ಹೇಳಿದೆ. ಗಾಡಿ, ಎತ್ತು, ಸುಣ್ಣ, ಚಾಕು. ಮಟಮಟ ಮಧ್ಯಾಹ್ನ. ಮೇಲೆ ಒಂದು ವಿಮಾನ ಇಳಿಯುತ್ತಿತ್ತು. ಆದರೂ ಹುಡುಗ ಒಂದು ಸಲ ಹಿಂದಕ್ಕೆ ತಿರುಗಿ ನೋಡಿದ. ನನಗೆ ಹೆಮ್ಮೆಯಾಯಿತು.

"ಸೂಪರ್ ಸಾರ್. ಆ ಲೇಡಿ ಯಾರು?"

"ಗೊತ್ತಿಲ್ಲಪ್ಪ."

"ಸುಣ್ಣಾನೇ ಯಾಕೆ ಕೇಳಿದ್ಳು?"

"ಅದೂ ಗೊತ್ತಿಲ್ಲ."

"ಎತ್ತಿಗೆ ಏನಾದ್ರೂ ಬ್ಯಾಕ್‌ಸ್ಟೋರಿ?"

"ಸಂತೆಯಿಂದ ಬರ್ತಿದ್ವು, ಅಷ್ಟೇ."

ಹುಡುಗ ಸ್ವಲ್ಪ ಹೊತ್ತು ಮರ ನೋಡಿದ. ಆಮೇಲೆ ಅವನ ಮುಖ ಬೆಳಗಿತು. ಮೊಬೈಲು ತೆಗೆದು ಬರೆದುಕೊಳ್ಳುತ್ತ, "ಏನೂ ತೊಂದರೆ ಇಲ್ಲ ಸಾರ್" ಎಂದ. "ಅದನ್ನೆಲ್ಲ ಪಾರ್ಟ್ ಟೂನಲ್ಲಿ ಇಟ್ಕೊಳ್ಳೋಣ."